ಅಮ್ಮನ ವಾರ್ಫರಿನ್ ಮತ್ತು ಬಸಳೆ ಸೊಪ್ಪು

ಅಮ್ಮನ ಹೃದಯದಲ್ಲಿರುವುದು ಲೋಹದ ಮೈಟ್ರಲ್ ಕವಾಟ, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು. ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಒಂದು ಚೂರು ಮಿದುಳಿಗೆ ಹೋದರೆ ಸ್ಟ್ರೋಕ್. ಹಾಗಾಗಿ ದಿನಾ ರಾತ್ರಿ ವಾರ್ಫರಿನ್ ಮಾತ್ರೆ, ಜೀವನಪೂರ್ತಿ.

ರಕ್ತ ತೆಳು ಮಾಡುವ ಮಾತ್ರೆ ಅಂತಾರೆ, ಆದರೆ ಇದರಿಂದ ರಕ್ತವೇನೂ ನೀರಾಗುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಲಿವರ್ ತಯಾರಿಸುತ್ತದೆ. 2, 7, 9, 10 ಅಂತ ಅವಕ್ಕೆ ನಂಬರ್. ಅವು ಕೆಲಸಕ್ಕೆ ಬರಬೇಕಾದರೆ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ದೇಹ ರಿಪೇರಿ ಮಾಡಿ ಮತ್ತೆ ಬಳಸುತ್ತದೆ. ವಾರ್ಫರಿನ್ ಆ ರಿಪೇರಿಗೇ ಅಡ್ಡ ನಿಲ್ಲುತ್ತದೆ. ಹಳೇ ಪ್ರೋಟೀನು ಖಾಲಿಯಾಗಬೇಕಲ್ವಾ, ಅದಕ್ಕೇ ಇವತ್ತು ನುಂಗಿದ್ದರ ಪರಿಣಾಮ ಪೂರ್ತಿ ಕಾಣಲು ಕೆಲವು ದಿನ ಬೇಕು.

1948ರಲ್ಲಿ ಇದು ಅಮೆರಿಕದಲ್ಲಿ ಇಲಿ ಪಾಷಾಣವಾಗಿ ಮಾರಾಟಕ್ಕೆ ಬಂದಿತ್ತು. ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ!

ತಕರಾರು ಇರುವುದು ಬಸಳೆಯದ್ದು. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ಹಿತ್ತಲ ಚಪ್ಪರ ತುಂಬಿದಾಗ ಅಮ್ಮ ಮೂರು ಹೊತ್ತೂ ಬಸಳೆ ಹುಳಿ ಉಂಡರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಸಂಖ್ಯೆ) ಇಳಿದುಬಿಡುತ್ತದೆ, ಅಂದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅವರಿಗೆ ಅದು 2.5ರಿಂದ 3.5ರೊಳಗೆ ಇರಬೇಕು. ಸೊಪ್ಪು ಬಿಡಬೇಡಿ, ವಾರ ವಾರ ಒಂದೇ ಅಳತೆಯಲ್ಲಿ ತಿನ್ನಿ ಅಂದರು ಡಾಕ್ಟರು.

ಪಥ್ಯವಿಲ್ಲದ ಹೊಸ ಮಾತ್ರೆ ಕೊಡಬಾರದಾ ಅಂತ ಕೇಳಿದೆ. ಲೋಹದ ಕವಾಟಕ್ಕೆ ಆಗುವುದಿಲ್ಲವಂತೆ. ಅಂಥ ಕವಾಟ ಇರುವವರಿಗೆ ಡಾಬಿಗಾಟ್ರಾನ್ ಅನ್ನೋ ಹೊಸ ಮಾತ್ರೆ ಕೊಟ್ಟು ನೋಡಿದಾಗ ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಎರಡೂ ಹೆಚ್ಚಾಗಿ, 2012ರಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಿದರು. ಮಂಡಿನೋವಿಗೆ ಸುಮ್ನೆ ಅಂಗಡಿಯಿಂದ ಐಬುಪ್ರೊಫೆನ್ ತರುವುದೂ ಈಗ ಬಂದ್. ವಾರ್ಫರಿನ್ ಜೊತೆ ಅದು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಜಾಸ್ತಿ.