ಹಿಮ ಮೊದಲು ಕರಗೋ ಇಳಿಜಾರು

ಇಟಲಿಯ ಟೊರಿನೋಗೆ ಬಂದು ಮೂರು ವರ್ಷ ಆಯ್ತು, ಊರಿಗೆ ಫೋನ್ ಮಾಡಿದಾಗೆಲ್ಲ ಅಪ್ಪ ಕೇಳೋದು ಒಂದೇ, ಅಲ್ಲಿ ದ್ರಾಕ್ಷಿ ಹೆಂಗೆ ಬೆಳೀತಾರೆ ಅಂತ. ನಮ್ದು ದೊಡ್ಡಬಳ್ಳಾಪುರದ ಕಡೆ, ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರ ಹಾಕಿ ಬೆಂಗಳೂರು ಬ್ಲೂ ಬೆಳೆಯೋ ಮನೆ. ಅದಕ್ಕೇ ಹೋದ ಅಕ್ಟೋಬರ್‌ನಲ್ಲಿ ಲಾಂಗೆ ಬೆಟ್ಟಗಳಿಗೆ ಹೋಗ್ಬಂದೆ, ಬರೋಲೋ ವೈನ್ ಆಗೋದು ಅಲ್ಲೇ.

ಚಪ್ಪರ ಇಲ್ಲ ಅಲ್ಲಿ. ಇಳಿಜಾರಿಗೆ ಅಡ್ಡವಾಗಿ ಸಾಲು ಸಾಲು ಬಳ್ಳಿ, ವರ್ಷಕ್ಕೆ ಒಂದೇ ಬೆಳೆ, ಗೊಂಚಲೆಲ್ಲ ಕೈಯಲ್ಲೇ ಕೊಯ್ತಾರೆ. ತಳಿ ನೆಬ್ಬಿಯೋಲೋ. ನೆಬ್ಬಿಯಾ ಅಂದ್ರೆ ಮಂಜು, ಕೊಯ್ಲಿನ ಹೊತ್ತಿಗೆ ಕಣಿವೇಲಿ ಮಂಜು ತುಂಬ್ಕೊಳ್ಳುತ್ತಲ್ಲ, ಅದರಿಂದಲೇ ಆ ಹೆಸ್ರು ಅಂತಾರೆ. ಬೇಗ ಚಿಗುರಿ ಎಲ್ಲಕ್ಕಿಂತ ಕೊನೇಲಿ ಹಣ್ಣಾಗೋ ಬಳ್ಳಿ ಇದು, ಬಿಸಿಲು ಸಾಲ್ದೆ ಹೋದ್ರೆ ಕೆಟ್ಟಂಗೇ. ಹಾಗಾಗಿ ಚಳಿಗಾಲದಲ್ಲಿ ಹಿಮ ಎಲ್ಲಿ ಮೊದಲು ಕರಗುತ್ತೋ ಆ ದಕ್ಷಿಣಕ್ಕೆ ಮುಖ ಮಾಡಿರೋ ಇಳಿಜಾರನ್ನ ಇದಕ್ಕೇ ಅಂತ ಬಿಡ್ತಾರೆ, ಅಂಥ ಜಾಗಕ್ಕೆ ಅಲ್ಲಿಯ ಮಾತಲ್ಲಿ ಸೋರಿ ಅಂತ ಹೆಸ್ರು. ತಂಪು ಕಡೆಗೆ ಡೊಲ್ಚೆತ್ತೋ ಅನ್ನೋ ಇನ್ನೊಂದು ದ್ರಾಕ್ಷಿ ತಳಿ, ಇಲ್ಲಾಂದ್ರೆ ಹೇಝಲ್‌ನಟ್ ಗಿಡ (ಅದರ ಬೀಜದಿಂದ ಮಾಡೋ ನ್ಯೂಟೆಲ್ಲಾ ಹುಟ್ಟಿದ್ದೂ ಪಕ್ಕದ ಆಲ್ಬಾ ಪಟ್ಟಣದಲ್ಲೇ, 1964ರಲ್ಲಿ).

ಬರೋಲೋ ಅನ್ನೋ ಹೆಸ್ರು ಹಾಕೋಕೆ 11 ಊರುಗಳಿಗೆ ಮಾತ್ರ ಹಕ್ಕು, ಮಾರೋಕೆ ಮುಂಚೆ ವೈನ್ ಮಾಗೋಕೆ ಕನಿಷ್ಠ 38 ತಿಂಗಳು ಕಾಯ್ಬೇಕು, ಅದ್ರಲ್ಲಿ 18 ತಿಂಗಳು ಮರದ ಪೀಪಾಯಿಲೇ ಇರ್ಬೇಕು. ಅದೇ ಹಣ್ಣು ಆಲ್ಬಾದ ಆ ಕಡೆ ಬೆಳೆದ್ರೆ ಬಾರ್ಬರೆಸ್ಕೋ, ಅದಕ್ಕೆ 26 ತಿಂಗಳು ಸಾಕು. ಬರೋಲೋದ ಆ 11 ಊರಲ್ಲೂ ಒಂದೊಂದರದು ಒಂದೊಂದು ಥರ, ಲಾ ಮೋರಾದ ಮಣ್ಣಿನ ವೈನ್ ಮೆತ್ತಗೆ, ಸೆರ್ರಾಲುಂಗಾದ್ದು ಗಡಸು. ನಾನು ಕುಡಿದಿದ್ದು ಸೆರ್ರಾಲುಂಗಾದ್ದೇ, ಬಣ್ಣ ಅಷ್ಟು ತೆಳು ಇದೆಯಲ್ಲ ಅನ್ಕೊಂಡು ಒಂದು ಗುಟುಕು ಹಾಕಿದ್ರೆ ಹಸಿ ಬಾಳೆಕಾಯಿ ಕಚ್ಚಿದಂಗೆ ಬಾಯೆಲ್ಲ ಒಗರು, ಆಮೇಲೆ ನಿಧಾನಕ್ಕೆ ಗುಲಾಬಿ ವಾಸನೆ ಬಂತು. ಎರಡನೇ ಗುಟುಕಿಗೆ ಇಷ್ಟ ಆಗೋಯ್ತು ನಂಗೆ.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿದ್ದು ಬಾಟಲಿ ಮೇಲಿನ ಹೆಸ್ರು. ಊರಷ್ಟೇ ಅಲ್ಲ, ಕನ್ನುಬಿ ಅಂತ ಒಂದು ಗುಡ್ಡದ ಹೆಸ್ರನ್ನೇ ಹಾಕಿರ್ತಾರೆ, ಆ ಗುಡ್ಡದ್ದು ಅಂದ್ರೆ ಬೆಲೆನೇ ಬೇರೆ. ನಮ್ಮಲ್ಲಿ ಕೆರೆ ಪಕ್ಕದ ತೋಟದ್ದೂ ದಿನ್ನೆ ಮೇಲಿಂದೂ ಒಂದೇ ಕ್ರೇಟಿಗೆ ಸುರಿದು ಮಂಡಿಗೆ ಕಳಿಸ್ತೀವಿ. ಇದನ್ನ ಅಪ್ಪಂಗೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ದಿನ್ನೆ ಮೇಲಿನ ಹಣ್ಣು ಯಾವಾಗ್ಲೂ ಸಿಹಿ ಜಾಸ್ತಿ ಕಣೋ, ಈ ಸಲ ಬೇರೆ ಇಡ್ತೀನಿ" ಅಂದ್ರು.