ಅಪ್ಪನ ಅಜೋಲಾ ಗುಂಡಿ, ನನ್ನ ಟ್ಯಾಂಕಿನ ಕೆಂಪು ಲೋಳೆ

ಇವತ್ತು ಬೆಳಿಗ್ಗೆ ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನಲ್ಲಿ ಲೈಟ್ ಹತ್ತಿದಾಗ ತಳದ ಮರಳು ಬೆಳ್ಳಗಿತ್ತು. ಮಧ್ಯಾಹ್ನ 3 ಗಂಟೆಗೂ ಬೆಳ್ಳಗೇ ಇತ್ತು. 11 ವಾರ ಆದಮೇಲೆ ಈ ಮಾತು ಬರೆಯುತ್ತಿದ್ದೇನೆ. ಎಷ್ಟು ಖುಷಿಯಾಗಿದೆ ಅಂದರೆ, ಹಾಸನದ ಈ ಮಳೆಯಲ್ಲೂ ಹೊರಗೆ ಹೋಗಿ ಎರಡು ಸುತ್ತು ಹಾಕಿ ಬಂದೆ.

ಸೆಟಪ್ ವಿವರ ಬೇಡ. ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ 200 ಲೀಟರ್ ನೀರು, ಎರಡು ಕ್ಲೌನ್ ಮೀನು, ಹವಳಗಳಲ್ಲಿ ಒಂದಷ್ಟು ಝೋವಾ, ಮಶ್ರೂಮ್, ಒಂದು ಲೆದರ್. ಸೈಕಲ್ (ಹೊಸ ಟ್ಯಾಂಕಿನಲ್ಲಿ ಒಳ್ಳೆ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಹಂತ) ಮುಗಿಯಿತು, ಡಯಾಟಮ್ ಅನ್ನುವ ಕಂದು ಪಾಚಿ ಬಂದು ಹೋಯಿತು. ಸಯನೋ, ಅಂದರೆ ಸಯನೋಬ್ಯಾಕ್ಟೀರಿಯಾದ ಕೆಂಪು ಲೋಳೆ, ಬಂದದ್ದು ಆಮೇಲೆ.

ಬೆಳಿಗ್ಗೆ ಅಲ್ಲೊಂದು ಇಲ್ಲೊಂದು ಕಲೆ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಇಡೀ ಮರಳಿಗೆ ಕೆಂಪು ಪದರ. ಅದರ ತುಂಬ ಗುಂಡುಸೂಜಿ ತಲೆಯಷ್ಟು ಗುಳ್ಳೆಗಳು. ಏರ್ ಪೈಪಿನಲ್ಲಿ ಎಳೆದರೆ ಕೆನೆಯ ಹಾಗೆಯೇ ಒಂದೇ ಹಾಳೆಯಾಗಿ ಎದ್ದು ಬರುತ್ತಿತ್ತು. ಬಕೆಟ್ಟಿನಲ್ಲಿ ಚರಂಡಿ ವಾಸನೆ. ರಾತ್ರಿಯಾದರೆ ಅರ್ಧ ಮಾಯ, ಮಾರನೇ ದಿನ ಮತ್ತೆ ಅದೇ ಕಥೆ.

ಡೈನೋ (ಡೈನೋಫ್ಲಾಜೆಲೇಟ್, ಈಜಾಡುವ ಏಕಕೋಶ ಜೀವಿ) ಇರಬಹುದಾ ಅಂತ ಮೊದಲು ಹೆದರಿದ್ದೆ. ಮಗಳ ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದೆ. ಈಜಾಡುವ ಕಾಳು ಒಂದೂ ಇಲ್ಲ. ಬರೀ ಉದ್ದುದ್ದ ಎಳೆಗಳು, ಒಳಗೆ ನಾಣ್ಯ ಪೇರಿಸಿಟ್ಟ ಹಾಗೆ ಗೆರೆಗಳು. ಸಯನೋನೇ.

ಎಲ್ಲರೂ ಮಾಡುವುದನ್ನೆಲ್ಲ ಮಾಡಿದೆ. ಮೀನಿನ ಊಟ ಅರ್ಧಕ್ಕೆ ಇಳಿಸಿದೆ. ವೇವ್‌ಮೇಕರ್ (ನೀರು ಓಡಾಡಿಸುವ ಪಂಪು) ತಿರುಗಿಸಿದೆ. ನೀರು ಶುದ್ಧ ಮಾಡುವ ಡಿಐ ರೆಸಿನ್ ಬದಲಿಸಿದೆ, ನೀರಿನಲ್ಲಿ ಕರಗಿದ ಲವಣದ ಅಳತೆ (ಟಿಡಿಎಸ್) 0. ಕಂಬಳಿ ಹೊದಿಸಿ 3 ದಿನ ಕತ್ತಲೆ ಮಾಡಿದೆ. ನಾಲ್ಕನೇ ದಿನ ಮರಳು ಫಳಫಳ, ಹತ್ತನೇ ದಿನ ಮತ್ತೆ ಕೆಂಪು. ಎರಡನೇ ಸಲ ಕತ್ತಲೆ ಮಾಡಿದಾಗ ಝೋವಾ ಬಣ್ಣ ಕಳೆದುಕೊಂಡವು, ಅದು ಮನಸ್ಸಿಗೆ ತುಂಬ ಬೇಜಾರಾಯಿತು. ಎರಿಥ್ರೋಮೈಸಿನ್ ಹಾಕು ಅಂದವರಿದ್ದರು, ನಾನು ಒಪ್ಪಲಿಲ್ಲ. ಅದು ಕಲ್ಲಿನೊಳಗಿನ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಹೊಡೆತ ಕೊಡಬಹುದು. ಜೊತೆಗೆ ಆ್ಯಂಟಿಬಯೋಟಿಕ್ ಕಲೆತ ನೀರನ್ನು ಮೋರಿಗೆ ಬಿಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಕುರುಡಾಗಿ ಮಾಡಲು ಕಾರಣ ನೀರು ಪರೀಕ್ಷಿಸುವ ಟೆಸ್ಟ್ ಕಿಟ್. ನೈಟ್ರೇಟ್ 0, ಫಾಸ್ಫೇಟ್ 0 ತೋರಿಸುತ್ತಿತ್ತು. ಐದನೇ ವಾರ ಫಾಸ್ಫೇಟ್ ಬಾಟಲಿಯ ಬೆಲೆ ಚೀಟಿ ಒದ್ದೆಯಾಗಿ ಬಿಚ್ಚಿಕೊಂಡಿತು. ಅದರ ಕೆಳಗೆ ಎಕ್ಸ್‌ಪೈರಿ ದಿನಾಂಕ, ಮುಗಿದು ಒಂದೂವರೆ ವರ್ಷ! ಅದನ್ನು ಮುಚ್ಚಲೆಂದೇ ಅಂಟಿಸಿದ ಚೀಟಿ. ಮಾರಿದವರಿಗೆ ಫೋನ್ ಮಾಡಿದರೆ, ಮಾರಿದ ಮಾಲು ವಾಪಸ್ ಇಲ್ಲ ಅಂದರು. ನಮ್ಮಂಥ ಊರಿನವರು ಎಲ್ಲವನ್ನೂ ಕೊರಿಯರಿನಲ್ಲೇ ತರಿಸಬೇಕು. ಆ ನಂಬಿಕೆಗೆ ಹೀಗೆ ಮಾಡಬಾರದು. ಹೊಸ ಕಿಟ್ ತರಿಸಿ ಅಳೆದೆ. ಫಾಸ್ಫೇಟ್ 0.18 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ನೈಟ್ರೇಟ್ ಮಾತ್ರ ನಿಜವಾಗಲೂ 0. ಫಾಸ್ಫೇಟ್ ಬಿಡುತ್ತಿದ್ದದ್ದು ಟ್ಯಾಂಕಿಗೆ ಹಾಕಿದ್ದ ಒಣ ಕಲ್ಲು. ಒಂದು ತುಂಡನ್ನು ಬೇರೆ ಉಪ್ಪುನೀರಿನಲ್ಲಿ ನೆನೆಸಿಟ್ಟು ಖಾತ್ರಿ ಮಾಡಿಕೊಂಡೆ.

ಆ ಭಾನುವಾರ ಆಲೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಅಪ್ಪ ಹಸುಗಳಿಗೆ ಅಂತ ಅಜೋಲಾ (ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ) ಬೆಳೆಸುತ್ತಾರೆ. ಗುಂಡಿಗೆ ಸಗಣಿ ಬಗ್ಗಡದ ಜೊತೆ ಒಂದು ಹಿಡಿ ಸೂಪರ್ ಫಾಸ್ಫೇಟ್ ಎರಚುತ್ತಿದ್ದರು. ಯೂರಿಯಾ ಬೇಡ್ವಾ ಅಂತ ಸುಮ್ನೆ ಕೇಳಿದೆ. "ಇದಕ್ಕೆ ಯಾಕೆ ಯೂರಿಯಾ? ಗಾಳಿಯಿಂದಲೇ ಎಳ್ಕೊಳ್ಳುತ್ತೆ" ಅಂದರು.

ಅಲ್ಲೇ ನಿಂತುಬಿಟ್ಟೆ. ಅಜೋಲಾ ಎಲೆಯೊಳಗೆ ಇರುವುದು ಅನಬೀನ, ಅದೂ ಸಯನೋನೇ. ಗಾಳಿಯ ಸಾರಜನಕ ಹಿಡಿಯುವುದು ಅದೇ. ಫಾಸ್ಫೇಟ್ ಇದೆ, ನೈಟ್ರೇಟ್ ಇಲ್ಲ: ಅಪ್ಪ ಬೇಕು ಅಂತ ಮಾಡಿಟ್ಟ ಸ್ಥಿತಿಯನ್ನೇ ನಾನು ಗೊತ್ತಿಲ್ಲದೆ ಟ್ಯಾಂಕಿನಲ್ಲಿ ಮಾಡಿಟ್ಟಿದ್ದೆ. ಎಲ್ಲ ಸಯನೋಗೂ ಈ ವಿದ್ಯೆ ಇಲ್ಲ, ಕೆಲವಕ್ಕೆ ಇದೆ. ನೈಟ್ರೇಟ್ ಸೊನ್ನೆಯಾದರೆ ಬೇರೆಯವೆಲ್ಲ ಸೊರಗುತ್ತವೆ, ಇವು ಸೊರಗುವುದಿಲ್ಲ. ಕೊಳೆಯನ್ನು ನೊರೆಯಾಗಿ ತೆಗೆಯುವ ದೊಡ್ಡ ಸ್ಕಿಮ್ಮರ್, ಸಂಪಿನ ತುಂಬ ಕೀಟೋ (ನೈಟ್ರೇಟ್ ಹೀರುವ ಹಸಿರು ಪಾಚಿ), ಅರ್ಧ ಊಟ. ಮೂರೂ ಸೇರಿ ನೈಟ್ರೇಟ್ ಬರಿದಾಗಿತ್ತು.

ಬೇಕಾದದ್ದು ಪೊಟ್ಯಾಶಿಯಂ ನೈಟ್ರೇಟ್, ಅಂದರೆ ರೈತರ 13-0-45 (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್). ಹಾಸನದಲ್ಲಿ ರೀಫ್ ಉಪ್ಪು (ಹವಳದ ಟ್ಯಾಂಕಿಗೆ ಹಾಕುವ ಸಮುದ್ರದ ಉಪ್ಪು) ಸಿಗುವುದಿಲ್ಲ, ಇದು ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಅಂಗಡಿಯವರು ಪ್ರೀತಿಯಿಂದ 19-19-19 ತೆಗೆದುಕೊಟ್ಟರು, ಎಲ್ಲಾ ಇದೆ ಇದರಲ್ಲಿ ಅಂತ. ದಯವಿಟ್ಟು ಯಾರೂ ಅದನ್ನು ತರಬೇಡಿ. ಅದರಲ್ಲಿ ರಂಜಕವೂ ಇದೆ, ಅಮೋನಿಯಾ ಆಗುವ ಸಾರಜನಕವೂ ಇದೆ. 13-0-45 ಪ್ಯಾಕೆಟ್ಟಿನ ನಡುವಿನ ಸೊನ್ನೆಯನ್ನು ಎರಡೆರಡು ಸಲ ನೋಡಿ ತಂದೆ. ಒಂದು ಚಿಟಿಕೆ ಆರ್‌ಒ ನೀರಿನಲ್ಲಿ ಕರಗಿಸಿ ಫಾಸ್ಫೇಟನ್ನೂ ಅಮೋನಿಯಾವನ್ನೂ ಅಳೆದೆ. ಎರಡೂ ಇಲ್ಲ.

ಲೆಕ್ಕ ಇಷ್ಟೇ. ಇದರ ತೂಕದಲ್ಲಿ ಸುಮಾರು 61% ನೈಟ್ರೇಟ್. 1 ಲೀಟರ್ ಆರ್‌ಒ ನೀರಿಗೆ 33 ಗ್ರಾಂ ಕರಗಿಸಿದರೆ, ಅದರ 10 ಎಂಎಲ್ ನನ್ನ 200 ಲೀಟರಿನಲ್ಲಿ 1 ಪಿಪಿಎಂ ಏರಿಸುತ್ತದೆ. ದಿನಾ ಬೆಳಿಗ್ಗೆ 10 ಎಂಎಲ್. ಕೀಟೋ ಅರ್ಧ ತೆಗೆದೆ, ಸ್ಕಿಮ್ಮರ್ ರಾತ್ರಿ ಮಾತ್ರ, ಮೀನಿಗೆ ಹೊಟ್ಟೆ ತುಂಬ ಊಟ. ಮೊದಲ 6 ದಿನ ಹಾಕಿದ್ದೆಲ್ಲ ಸಂಜೆಗೆ ಮಾಯ, ರೀಡಿಂಗ್ 0. ಏಳನೇ ದಿನ ಟ್ಯೂಬಿನಲ್ಲಿ ತೆಳು ಗುಲಾಬಿ ಬಣ್ಣ ಬಂತು, ಕಿಟಕಿ ಹತ್ತಿರ ಹಿಡಿದು ಹೆಂಡತಿಗೂ ತೋರಿಸಿದೆ. ಆ ವಾರದಿಂದ ಹಾಳೆ ತೆಳುವಾಯಿತು. ಆಮೇಲೆ ಗುಳ್ಳೆ ನಿಂತವು. ಈಗ ನೈಟ್ರೇಟ್ 5, ಫಾಸ್ಫೇಟ್ 0.07.

ತೆಗೆದ ಕೀಟೋ ಎಸೆಯಲಿಲ್ಲ. 20 ಲೀಟರಿನ ಹಳೇ ಟ್ಯಾಂಕಿನಲ್ಲಿ ಇಟ್ಟಿದ್ದೇನೆ, ಕೋಪೆಪಾಡ್ (ಮೀನಿನ ಆಹಾರವಾಗುವ ಪುಟಾಣಿ ಜಲಜೀವಿ) ಸಾಕಬೇಕು ಅಂತ. ಅವಕ್ಕೆ ತಿನ್ನಲು ನ್ಯಾನೋಕ್ಲೋರಾಪ್ಸಿಸ್ ಅನ್ನುವ ಸೂಕ್ಷ್ಮ ಪಾಚಿ ಬೇಕು, 2 ಲೀಟರ್ ಸೋಡಾ ಬಾಟಲಿ ನಾಲ್ಕು ತೊಳೆದಿಟ್ಟಾಗಿದೆ. ಕಲ್ಚರ್ ತರಿಸಬೇಕು. ಈ ಸಲ ಬಾಟಲಿಯ ಫೋಟೋ, ದಿನಾಂಕ ಎರಡೂ ಕಾಣುವ ಹಾಗೆ, ಮೊದಲೇ ಕೇಳುತ್ತೇನೆ.

ಓವರ್‌ಫ್ಲೋ (ನೀರು ಸಂಪಿಗೆ ಇಳಿಯುವ ಗೂಡು) ಹಿಂದೆ ಹೆಬ್ಬೆರಳಿನಷ್ಟು ಕೆಂಪು ಇನ್ನೂ ಇದೆ. ಭಾನುವಾರ ನೀರು ಬದಲಿಸುವಾಗ ಎಳೆಯುತ್ತೇನೆ.