ಧ್ವಜಕಂಬದ ನೆರಳು

ಒಂಬತ್ತನೇ ಕ್ಲಾಸಿನ ಆ ಕಿರುಪರೀಕ್ಷೆಯಲ್ಲಿ ನನಗೆ ಐದಕ್ಕೆ ಒಂದೂವರೆ ಬಂತು. ಒಂದು ಪುಟ ಪೂರ್ತಿ ಬರೆದಿದ್ದೆ. ಭೂಮಿಯ ಅಕ್ಷ 23½ ಡಿಗ್ರಿ ವಾಲಿದೆ, ಕರ್ಕಾಟಕ ವೃತ್ತ, ಮಕರ ವೃತ್ತ, ಬಣ್ಣದ ಪೆನ್ಸಿಲ್ಲಿನ ಚಿತ್ರ ಬೇರೆ. ಗೈಡಿನಲ್ಲಿದ್ದದ್ದರಲ್ಲಿ ಒಂದಕ್ಷರ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವನು ನಾಲ್ಕೇ ಸಾಲು ಗೀಚಿದ್ದ. ಅವನಿಗೆ ಐದಕ್ಕೆ ಐದು.

ಪ್ರಶ್ನೆ ಇಷ್ಟೇ: ನಮ್ಮ ಶಾಲೆಯ ಧ್ವಜಕಂಬಕ್ಕೆ ನಡುಮಧ್ಯಾಹ್ನ ನೆರಳೇ ಇಲ್ಲದ ದಿನ ವರ್ಷದಲ್ಲಿ ಎಷ್ಟು? ದೆಹಲಿಯ ಕೆಂಪುಕೋಟೆಯ ಕಂಬಕ್ಕೆ ಎಷ್ಟು?

ಮಧ್ಯಾಹ್ನ ಸೂರ್ಯ ದಿನಾ ನೆತ್ತಿಯ ಮೇಲೇ ಇರುತ್ತಾನೆ ಅಂತಲೇ ನಾನು ನಂಬಿದ್ದೆ. ಡಿಗ್ರಿ, ವೃತ್ತ ಎಲ್ಲ ಬರೆದು, ಕೊನೆಗೆ ಎರಡು ಊರಿಗೂ '365' ಅಂತ ಹಾಕಿದ್ದೆ. ನಮ್ಮ ಸಮಾಜದ ಮೇಷ್ಟ್ರು ಅದರ ಕೆಳಗೆ ಕೆಂಪು ಇಂಕಿನಲ್ಲಿ ಬರೆದಿದ್ದರು: 'ಹೊರಗೆ ಹೋಗಿ ನೋಡಿದ್ಯಾ?'

ಅವನು ನೋಡಿದ್ದ. ಊಟದ ಬೆಲ್ಲಾದ ತಕ್ಷಣ ಕಂಬದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚುವುದು ಅವನ ಅಭ್ಯಾಸ. ಅವನ ಉತ್ತರ ನನಗೆ ಇವತ್ತಿಗೂ ಬಾಯಿಪಾಠ. 'ಡಿಸೆಂಬರಿನಲ್ಲಿ ನೆರಳು ಉದ್ದಕ್ಕೆ ಹುಣಸೆಮರದ ಕಡೆ ಬೀಳುತ್ತದೆ. ಜೂನಿನಲ್ಲಿ ಚಿಕ್ಕದಾಗಿ ಆಫೀಸ್ ರೂಮಿನ ಕಡೆ. ಆ ಕಡೆಯಿಂದ ಈ ಕಡೆ ಬರುವಾಗ ಒಂದು ಸಲ, ವಾಪಸ್ ಹೋಗುವಾಗ ಒಂದು ಸಲ ಕಂಬ ದಾಟಲೇಬೇಕು. ಅದಕ್ಕೆ ಎರಡು ದಿನ. ದೆಹಲಿಯಲ್ಲಿ ಜೂನಿನಲ್ಲಿ ನೆರಳು ಯಾವ ಕಡೆ ಅಂತ ತಿಳಿಸಿದರೆ ಅದನ್ನೂ ಹೇಳುತ್ತೇನೆ ಸಾರ್.'

ಮರವಿದ್ದದ್ದು ಉತ್ತರಕ್ಕೆ, ಆಫೀಸ್ ರೂಮು ದಕ್ಷಿಣಕ್ಕೆ. 23½ ಡಿಗ್ರಿಯ ಮಾತೇ ಅವನ ಉತ್ತರದಲ್ಲಿ ಇಲ್ಲ. ದೆಹಲಿಗೆ ಉತ್ತರವೂ ಇಲ್ಲ, ಬರೀ ಮರುಪ್ರಶ್ನೆ. ಅದಕ್ಕೂ ಅಂಕ ಕೊಟ್ಟಿದ್ದಾರೆ ಅಂತ ನಾನು ಜಗಳಕ್ಕೇ ಹೋದೆ. ಮೇಷ್ಟ್ರು ಸುಮ್ನೆ ನಕ್ಕು, ಅಟ್ಲಾಸ್ ತೆಗೆದು ಮುಂದಿಟ್ಟರು. ದೆಹಲಿ ಇರುವುದು 28½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಉತ್ತರಕ್ಕೆ ಬರುವುದು 23½ರವರೆಗೆ ಮಾತ್ರ. ಅಲ್ಲಿ ಜೂನಿನಲ್ಲೂ ನೆರಳು ಉತ್ತರಕ್ಕೇ ಬೀಳುತ್ತದೆ, ಕಂಬ ದಾಟುವುದೇ ಇಲ್ಲ. ಹಾಗಾಗಿ ಸೊನ್ನೆ ದಿನ. ಅವನು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ, ಅಲ್ವಾ? ನಾನು ಪುಟ ತುಂಬ ಬರೆದ 23½ ಯಾವುದಕ್ಕೆ ಬೇಕಿತ್ತು ಅನ್ನುವುದು ನನಗೇ ಗೊತ್ತಿರಲಿಲ್ಲ.

ತುಮಕೂರಿನ ಪಕ್ಕದ ನಮ್ಮೂರಿಗೆ ಆ ಎರಡು ದಿನಗಳಲ್ಲಿ ಒಂದು ಏಪ್ರಿಲ್ ಕೊನೆಗೆ ಬರುತ್ತದೆ. ಆಗ ಬೇಸಿಗೆ ರಜೆ. ಇನ್ನೊಂದು ಸ್ವಾತಂತ್ರ್ಯ ದಿನ ಆದ ಒಂದೆರಡು ದಿನಕ್ಕೆ. ಆ ವರ್ಷ ಮೇಷ್ಟ್ರು ನಮ್ಮನ್ನೆಲ್ಲ ಕಂಬದ ಸುತ್ತ ನಿಲ್ಲಿಸಿದರು. ಮೋಡವೋ ಮೋಡ. ಗಂಟೆ 12:25ರ ಹತ್ತಿರ ಒಂದೇ ಒಂದು ನಿಮಿಷ ಬಿಸಿಲು ಬಂತು. ನಮ್ಮ ನೆರಳುಗಳು ಕಾಲಡಿ ಮುದುಡಿಕೊಂಡಿದ್ದವು. ಕಂಬದ್ದು ಇಲ್ಲವೇ ಇಲ್ಲ.

ಆಮೇಲೆ ನಾನೂ ಮೇಷ್ಟ್ರಾದೆ. ಬಿ.ಎಡ್.ನಲ್ಲಿ ಬ್ಲೂಮ್ ಅನ್ನುವ ಶಿಕ್ಷಣತಜ್ಞ 1956ರಲ್ಲಿ ಕೊಟ್ಟ ಕಲಿಕೆಯ ಮೆಟ್ಟಿಲುಗಳನ್ನು ಓದಿದೆ. ಬಿಗ್ಸ್ ಮತ್ತು ಕಾಲಿಸ್ 1982ರಲ್ಲಿ ಹೇಳಿದ್ದನ್ನೂ ಓದಿದೆ: ಮಗು ಬಿಡಿ ಸಂಗತಿಗಳನ್ನು ಒಪ್ಪಿಸುತ್ತಿದೆಯಾ, ಒಂದಕ್ಕೊಂದು ಜೋಡಿಸುತ್ತಿದೆಯಾ ಅಂತ ಉತ್ತರದಲ್ಲಿ ಹುಡುಕಬೇಕಂತೆ. ಓದುವಾಗೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಆ ನಾಲ್ಕು ಸಾಲು. ಪಾಠಯೋಜನೆಯಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಅಂತ ಈಗ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನಿಜ ಹೇಳಬೇಕೆಂದರೆ, ಜಾಸ್ತಿ ಸಲ ಬರೀ ಖಾನೆ ತುಂಬಿಸಿದ್ದೇನೆ. ಅರವತ್ತು ಪೇಪರ್ ತಿದ್ದುವಾಗ ಬಾಯಿಪಾಠದ ಉತ್ತರಕ್ಕೆ ಅಂಕ ಹಾಕುವುದು ಎಷ್ಟು ಸಲೀಸು ಅಂತ ತಿದ್ದಿದವರಿಗೇ ಗೊತ್ತು.

ಈ ಸಲ ಅದೇ ಪ್ರಶ್ನೆಯನ್ನು ನನ್ನ ಕ್ಲಾಸಿಗೂ ಕೊಟ್ಟೆ. ಒಬ್ಬಳು ಹುಡುಗಿ ಬರೆದಿದ್ದಾಳೆ: 'ಲೆಕ್ಕದಲ್ಲಿ ಎರಡು ದಿನ ಸಾರ್. ಆದರೆ ಏಪ್ರಿಲ್‌ನಲ್ಲಿ ನಾವು ಇರೋದಿಲ್ಲ, ಆಗಸ್ಟ್‌ನಲ್ಲಿ ಸೂರ್ಯ ಇರೋದಿಲ್ಲ.' ಎಷ್ಟು ಅಂಕ ಹಾಕಬೇಕೋ ಗೊತ್ತಾಗದೆ ಆ ಪೇಪರ್ ಇನ್ನೂ ಮೇಜಿನ ಮೇಲೇ ಇದೆ.